ಅಂಜದೀಪದ ಆರ್ಯಾದುರ್ಗೆ

ಅಂಕೋಲೆಯ ಆರ್ಯಾದುರ್ಗೆಯ ದೇವಾಲಯಕ್ಕೆ ಬರುವ ಭಕ್ತರಲ್ಲಿ ಅನೇಕರು ಅಂಕೋಲೆಯವರಲ್ಲ. ಮುಂಬಯಿ, ಪುಣೆ, ಗೋವೆ ಮೊದಲಾದ ಕಡೆಗಳಲ್ಲಿ ತಲೆಮಾರುಗಳಿಂದ ನೆಲಸಿ, ಅಲ್ಲಿಯ ನೀರು ಕುಡಿದು, ಅಲ್ಲಿಯ ವ್ಯವಹಾರವನ್ನೇ ತಮ್ಮದನ್ನಾಗಿ ಮಾಡಿಕೊಂಡ ಕೊಂಕಣಿ ಮನೆತನಗಳು, ಮದುವೆಯೋ ಮುಂಜಿಯೋ ಒದಗಿದಾಗ ಕುಲದೇವತೆಯನ್ನು ನೆನೆದು ಇಲ್ಲಿಗೆ ಬರುವುವು. ಬಂದವರು ಕುಂಕುಮಾರ್ಚನೆ ಮಾಡಿಸಿ, ದೇವಿಗೆ ಉಡಿ ತುಂಬಿ, ಪ್ರಸಾದವನ್ನು ಪಡೆದು, ಸಂಜೆಯ ಗಾಡಿಗೆ ಹೊರಟುಹೋಗುವರು. 1930ರಲ್ಲಿ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಈ ಊರಿನಲ್ಲಿ ನೋಡತಕ್ಕುದು ಇನ್ನೂ ಬಹಳವಿದ್ದರೂ ಅವರಿಗೆ ಅದಕ್ಕೆ ಪುರುಸೊತ್ತಿಲ್ಲ. ಆದರೆ ಹತ್ತು ಮಂದಿಯಲ್ಲಿ ಒಬ್ಬರಾದರೂ, ಸಾಮಾನ್ಯವಾಗಿ ಮನೆಯ ಹಿರಿಯರು, ಅರ್ಚಕರನ್ನು ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ: ದೇವಿಯ ಮೂಲಸ್ಥಾನವು ಯಾವುದು? ಅದನ್ನು ನೋಡಬಹುದೆ?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಾದುದು. ಪರಂಪರೆಯು ಒಂದೇ ಬಾಯಿಂದ ಅದನ್ನು ಹೇಳುತ್ತದೆ. ದೇವಿಯು ಮೊದಲು ಕಾರವಾರದ ಎದುರಿಗೆ ಕಡಲಲ್ಲಿರುವ ಅಂಜದೀಪವೆಂಬ ದ್ವೀಪದಲ್ಲಿ ಇದ್ದಳು. ಪರಂಗಿಯವರ ಉಪದ್ರವವು ಹೆಚ್ಚಿದಾಗ ಭಕ್ತರು ಆಕೆಯನ್ನು ಅಲ್ಲಿಂದ ತಂದು ಅಂಕೋಲೆಯಲ್ಲಿ ಪ್ರತಿಷ್ಠಾಪಿಸಿದರು. ಎರಡನೆಯ ಪ್ರಶ್ನೆಗೂ ಉತ್ತರವುಂಟು. ಅದು ಇನ್ನೂ ಚಿಕ್ಕದು. ನೋಡಲಾಗುವುದಿಲ್ಲ.

ಬಿಣಗೆಯ ಗುಡ್ಡದ ಮಗ್ಗುಲಿನಿಂದ ಪಶ್ಚಿಮಕ್ಕೆ ದೃಷ್ಟಿಯಿಟ್ಟರೆ ಈ ದ್ವೀಪವು ನೀರಿನ ಮೇಲೆ ಬೆನ್ನು ತೋರಿಸಿ ಮಲಗಿದ ಒಂದು ದೊಡ್ಡ ಪ್ರಾಣಿಯಂತೆ ಕಾಣಿಸುವುದು. ಉದ್ದದಲ್ಲಿ ಸುಮಾರು ಒಂದು ಮೈಲಿ. ಅಗಲವು ಅದಕ್ಕೆ ತೀರ ಕಡಮೆ. ಕಡಲಿನ ಕಡೆಯ ಮೈ ಕಡಿದಾದ ಬಂಡೆ. ನೆಲದ ಕಡೆಯ ಮೈಯಲ್ಲಿ ಮರಗಿಡಗಳೂ ದೋಣಿ ತಂಗಲು ಯೋಗ್ಯವಾದ ದಂಡೆಯೂ ಉಂಟು. ಕಾರವಾರದ ಎದುರಿಗಿದ್ದರೂ ಇದು ಆಡಳಿತದಲ್ಲಿ ಗೋವೆಗೆ ಸೇರಿದುದೆಂಬುದು ಹೊರಗಿನವರಿಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿ. ಪೋರ್ತುಗೀಜರು ಬಿಟ್ಟುಹೋದ ಗಡಿಗೆರೆಯೇ ಇಂದಿಗೂ ನಿಂತಿದೆ.

ಹೆಸರಿನ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದ್ಯಾದುರ್ಗೆಯ ದ್ವೀಪವೆಂದು ಕೆಲವರು. ಹುಟ್ಟಿಲ್ಲದವಳು ಎಂಬರ್ಥದ 'ಅಜಾ' ಶಬ್ದದಿಂದ ಅಜಾದ್ವೀಪವೆಂದು ಬೇರೆ ಕೆಲವರು. ತಮಿಳು ಮಲೆಯಾಳಗಳ 'ಅಂಜು' ಎಂಬ ಐದರ ಸಂಖ್ಯೆಯನ್ನು ಹಿಡಿದು, ಇಲ್ಲಿಯ ಸಣ್ಣ ದೊಡ್ಡ ದ್ವೀಪಗಳನ್ನು ಎಣಿಸಿ, ಪಂಚದ್ವೀಪವೆಂದು ಸಾಧಿಸುವವರೂ ಇದ್ದಾರೆ. ಗ್ರೀಕರು ಹೇಳಿದ ಐಗಿಡಿಯೆಂಬ ದ್ವೀಪವೂ ಇದೇ ಎಂದು ಕೆಲವರ ಊಹೆ. ಉತ್ತರಾರ್ಧದಲ್ಲಿ ಮಾತ್ರ ಜಗಳವಿಲ್ಲ. ಸಂಸ್ಕೃತದ 'ದ್ವೀಪ'ವು ಪ್ರಾಕೃತದಲ್ಲಿ 'ದೀವ'ವಾಗುವುದು. 'ದೀಪ'ವೂ ಅಲ್ಲಿ 'ದೀವ'ವೇ. ಎರಡು ಶಬ್ದಗಳು ಒಂದೇ ರೂಪದಲ್ಲಿ ಕೂಡಿಕೊಂಡ ಮೇಲೆ, ಹಿಂದಕ್ಕೆ ಬರುವಾಗ ಜನರ ನಾಲಗೆಯು ದ್ವೀಪವನ್ನು ಬಿಟ್ಟು ದೀಪವನ್ನು ಹಿಡಿದುಕೊಂಡು ಬಂದಿತು. ವ್ಯಾಕರಣದ ದೃಷ್ಟಿಯಿಂದ ಇದು ಪ್ರಮಾದವಾದರೂ, ಕಾರವಾರದ ಕಡಲಲ್ಲಿ ರಾತ್ರಿ ದೋಣಿ ನಡೆಸಿದವರು ಇದನ್ನು ಪ್ರಮಾದವೆಂದು ಒಪ್ಪಲಾರರು.

ದ್ವೀಪದ ಮೇಲೆ ಒಂದು ಕಾಲಕ್ಕೆ ದೇವಾಲಯವಿದ್ದಿತೆಂಬುದಕ್ಕೆ ಭಕ್ತರ ಮಾತೊಂದೇ ಆಧಾರವಲ್ಲ. ಹೊರಗಿನಿಂದ ಬಂದ ಇಬ್ಬರ ಬರಹಗಳು ಇದಕ್ಕೆ ದೊರೆಯುವುವು. ಇಬ್ಬರಿಗೂ ಈ ದೇವಿಯ ಮೇಲೆ ಭಕ್ತಿಯಿರಲಿಲ್ಲ. ಒಬ್ಬನಿಗೆ ತಾನು ಕಂಡುದು ಏನೆಂಬುದೂ ಸರಿಯಾಗಿ ತಿಳಿದಿರಲಿಲ್ಲ. ಸಾಕ್ಷಿಗಳಾಗಿ ಅವರ ಬೆಲೆ ಅದರಿಂದಲೇ ಹೆಚ್ಚಾಗಿದೆ.

ಮೊದಲನೆಯವನು ಇಬ್ನ್ ಬತೂತ. 1342ರಲ್ಲಿ ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನದೇಶಕ್ಕೆಂದು ಹೊರಟ ಈ ಅರಬ ಪ್ರವಾಸಿಯು ಪಶ್ಚಿಮ ಕರಾವಳಿಯನ್ನು ಹಿಡಿದು ಬರುತ್ತ, ಗೋವೆಯನ್ನು ದಾಟಿ, ಹೊನ್ನಾವರವನ್ನು ಸೇರುವ ಮೊದಲು, ನೆಲಕ್ಕೆ ಹತ್ತಿರವಾದ ಒಂದು ಚಿಕ್ಕ ದ್ವೀಪದಲ್ಲಿ ಇಳಿದನು. ಅಲ್ಲಿ ದೇವಾಲಯವೂ ತೋಪೂ ನೀರಿನ ಕೊಳವೂ ಇದ್ದುವೆಂದು ಬರೆದಿದ್ದಾನೆ. ಹೆಸರನ್ನು ಹೇಳಿಲ್ಲವಾದರೂ, ಮಾರ್ಗದ ಕ್ರಮವನ್ನೂ ಕೊಳವನ್ನೂ ನೋಡಿ ವಿದ್ವಾಂಸರು ಇದನ್ನು ಅಂಜದೀಪವೆಂದು ಗುರುತಿಸಿರುವರು. ಗುಡಿಯ ಗೋಡೆಗೆ ಒರಗಿ, ಎರಡು ವಿಗ್ರಹಗಳ ನಡುವೆ, ಒಬ್ಬ ಜೋಗಿಯು ಕುಳಿತಿದ್ದನಂತೆ. ತಪಸ್ಸಿನಿಂದ ಮೈ ಸೊರಗಿದ್ದಿತು. ಮಾತನಾಡಿಸಿದರೆ ಉತ್ತರವಿಲ್ಲ. ತಿನ್ನಲು ಅವನ ಬಳಿಯಲ್ಲಿ ಏನಾದರೂ ಇದೆಯೇ ಎಂದು ಬಂದವರು ಸುತ್ತಲೂ ನೋಡುತ್ತಿರುವಾಗ ಅವನು ಒಂದು ಸಲ ಗಟ್ಟಿಯಾಗಿ ಕೂಗಿದನು. ತೆಂಗಿನಕಾಯಿಯೊಂದು ಎದುರಿಗೆ ಬಿದ್ದಿತು. ಅದನ್ನೇ ಅತಿಥಿಗಳಿಗೆ ಕೊಟ್ಟನು. ಹಣ ಕೊಡಹೋದರೆ ಒಲ್ಲೆನೆಂದನು. ಬತೂತನ ಕೈಯಲ್ಲಿದ್ದ ಜಪಮಾಲೆಯನ್ನು ಹಿಡಿದು ನೋಡಿದನು. ಕೊಟ್ಟಾಗ ಮೂಸಿ ಮುತ್ತಿಟ್ಟು, ಒಮ್ಮೆ ಆಕಾಶದ ಕಡೆಗೂ ಒಮ್ಮೆ ಮಕ್ಕೆಯ ದಿಕ್ಕಿಗೂ ಕೈ ತೋರಿಸಿದನು. ಹೊರಡುವಾಗ ಕಡೆಗೆ ಉಳಿದ ಬತೂತನ ಬಟ್ಟೆಯನ್ನು ಜಗ್ಗಿ ಹತ್ತು ದೀನಾರಗಳನ್ನು ಅವನ ಕೈಗೆ ಹಾಕಿದನು. ಇವನು ಗುಪ್ತನಾಗಿ ಇಸ್ಲಾಮನ್ನು ನಡೆಸುತ್ತಿರುವವನೇ ಇರಬೇಕೆಂದು ಬತೂತನು ತೀರ್ಮಾನಿಸಿದನು. ಸಂಗಡಿಗರಿಬ್ಬರು ಈ ಸಂಗತಿಯನ್ನು ಕೇಳಿ ತಿರುಗಿ ಹುಡುಕಿಕೊಂಡು ಹೋದಾಗ ಜೋಗಿಯು ಅಲ್ಲಿರಲಿಲ್ಲ.

ಈ ಜೋಗಿಯ ಮತವನ್ನು ಕುರಿತು ವಾದಿಸುವುದರಿಂದ ಪ್ರಯೋಜನವಿಲ್ಲ. ಮೌನವ್ರತದ ಸಾಧುವಿನ ಕೈಸನ್ನೆಗೆ ನೋಡಿದವನು ತನ್ನ ಮನಸ್ಸಿನಲ್ಲಿದ್ದ ಅರ್ಥವನ್ನೇ ಹಚ್ಚಿರುವುದು ಅಸಂಭವವಲ್ಲ. ನಮಗೆ ಇಲ್ಲಿ ಬೇಕಾದುದು ಎರಡು ಸಂಗತಿಗಳು ಮಾತ್ರ. ಹದಿನಾಲ್ಕನೆಯ ಶತಮಾನದ ಮಧ್ಯದಲ್ಲಿ ಗುಡಿಯ ಗೋಡೆ ನಿಂತಿದ್ದಿತು, ಅದರೊಳಗೆ ವಿಗ್ರಹಗಳಿದ್ದುವು.

ಎರಡನೆಯ ಬರಹವು ನೂರೈವತ್ತು ವರ್ಷಗಳ ತರುವಾಯದ್ದು. ವಾಸ್ಕೊ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುತ್ತ 1498ರ ಸೆಪ್ಟೆಂಬರಿನಲ್ಲಿ ಅಂಜದೀಪಕ್ಕೆ ಬಂದು, ಹಡಗುಗಳನ್ನು ದಂಡೆಗೆಳೆದು ಅಡಿಯನ್ನು ಕೆರೆದು ಶುಚಿಮಾಡಿಸಿ, ಅಕ್ಟೋಬರಿನ ಮೊದಲಲ್ಲಿ ಹೊರಟುಹೋದನು. ಆ ಹಡಗುಗಳಲ್ಲಿದ್ದ ಒಬ್ಬನು ಬರೆದಿಟ್ಟ ದಿನಚರಿಯು ಉಳಿದು ಬಂದಿದೆ. ಆಲ್ವಾರೊ ವೆಲ್ಯೊ ಎಂಬವನದೆಂದು ಸಾಮಾನ್ಯವಾಗಿ ತಿಳಿಯುವರು. ದ್ವೀಪದ ಮೇಲೆ ದೊಡ್ಡ ಕೆತ್ತಿದ ಕಲ್ಲುಗಳಿಂದ ಕಟ್ಟಿದ ಒಂದು ಇಗರ್ಜಿಯನ್ನು ತಾವು ಕಂಡುದಾಗಿ ಅವನು ಹೇಳುತ್ತಾನೆ. ಅದು ಹಾಳಾಗಿದ್ದಿತು, ತುರುಕರು ಕೆಡವಿದರೆಂದು ಅಲ್ಲಿಯವರು ಹೇಳಿದರು. ಒಳಗಿನ ಒಂದು ಚಿಕ್ಕ ಗುಡಿ ಮಾತ್ರ ಉಳಿದು, ಅದಕ್ಕೆ ಹುಲ್ಲಿನ ಮಾಡು ಹೊದಿಸಿದ್ದಿತು. ಅದರ ನಡುವೆ ಮೂರು ಕಪ್ಪು ಕಲ್ಲುಗಳು. ಜನರು ಅವಕ್ಕೆ ಪ್ರಾರ್ಥನೆ ಮಾಡುತ್ತಿದ್ದರು. ಸಮೀಪದಲ್ಲಿಯೇ, ಅದೇ ಬಗೆಯ ಕಲ್ಲುಕೆಲಸದ ಒಂದು ಕೊಳ. ದ್ವೀಪದ ನೆತ್ತಿಯ ಮೇಲೆ ಇನ್ನೊಂದು ದೊಡ್ಡ ಕೊಳ, ನಾಲ್ಕು ಮಾರು ಆಳವಾದುದು.

ಇಗರ್ಜಿಯೆಂಬ ಶಬ್ದವನ್ನು ನೋಡಿ ವಾಚಕರು ಬೆರಗಾಗಬೇಕಾಗಿಲ್ಲ. ಕಲ್ಲಿಕೋಟೆಯಲ್ಲಿ ದೇವಿಯ ಗುಡಿಯೊಂದನ್ನು ಮೇರಿಮಾತೆಯ ಇಗರ್ಜಿಯೆಂದು ಭ್ರಮಿಸಿ ಮೊಣಕಾಲೂರಿ ಪ್ರಾರ್ಥನೆ ಮಾಡಿದವರು ಇವರೇ. ಹಿಂದೂಗಳೆಂದರೆ ಬೇರೊಂದು ಬಗೆಯ ಕ್ರೈಸ್ತರೆಂದು ಆ ಪ್ರಯಾಣದಲ್ಲಿ ಅವರ ದೃಢವಾದ ತಿಳಿವಳಿಕೆ. ತಪ್ಪು ತಿಳಿವಳಿಕೆಯಿಂದಲೂ ಕೆಲವೊಮ್ಮೆ ಉಪಕಾರವಾಗುವುದುಂಟು. ತಮ್ಮದೇ ಮತದ ಮನೆಯೆಂದು ಎಣಿಸಿದುದರಿಂದ ಅವನು ಅದನ್ನು ಆದರದಿಂದ ನೋಡಿ, ಕಲ್ಲುಗಳನ್ನು ಎಣಿಸಿ, ಕೊಳದ ಆಳವನ್ನು ಹೇಳಿ ಬರೆದನು. ಅನ್ಯರ ಗುಡಿಯೆಂದು ತಿಳಿದಿದ್ದರೆ ಒಂದು ಸಾಲಿನಲ್ಲಿ ಮುಗಿಸುತ್ತಿದ್ದನೇನೋ.

ಈಗ ಪರಂಪರೆಯನ್ನೂ ಈ ಬರಹಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಪರಂಗಿಯವರ ಕಾರಣದಿಂದ ದೇವಿಯು ಸ್ಥಳಾಂತರ ಹೊಂದಿದಳೆಂದು ಪರಂಪರೆ. ಪರಂಗಿಯವರು ಮೊದಲು ಕಾಲಿಟ್ಟಾಗಲೇ ಗುಡಿಯು ಹಾಳಾಗಿದ್ದಿತೆಂದು ದಿನಚರಿ. ಇಷ್ಟರಿಂದಲೇ ಪರಂಪರೆಯು ಸುಳ್ಳೆಂದು ತೀರ್ಪು ಕೊಡುವ ಆತುರವು ಈಚಿನ ವಿದ್ಯಾವಂತರಲ್ಲಿ ಉಂಟು. ಅದು ಸರಿಯಲ್ಲ. ದಿನಚರಿಯನ್ನೇ ಇನ್ನೊಮ್ಮೆ ಓದಿ ನೋಡಲಿ. ಕಟ್ಟಡವು ಬಿದ್ದಿದ್ದರೂ ಪೂಜೆಯು ನಿಂತಿರಲಿಲ್ಲ. ಕಲ್ಲಿನ ಮಾಡು ಹೋದ ಮೇಲೆ ಯಾರೋ ನೆಲದಿಂದ ಹುಲ್ಲನ್ನು ದೋಣಿಯಲ್ಲಿ ಹೇರಿ ತಂದು, ಅಥವಾ ಅಲ್ಲಿಯೇ ಕೊಯ್ದು, ಗರ್ಭಗುಡಿಗೆ ಹೊದಿಸಿದ್ದರು. ಕಡಲತೀರದ ಮಳೆಯಲ್ಲಿ ಹುಲ್ಲಿನ ಮಾಡು ಎಷ್ಟು ಕಾಲ ತಡೆಯುವುದೆಂಬುದನ್ನು ಅಂಕೋಲೆ ಕಾರವಾರಗಳವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಹೊದಿಸಲೇ ಬೇಕು. ಹೀಗೆ ಹೊದಿಸುತ್ತಿದ್ದವರ ಪಾಲಿಗೆ ದೇವಿಯು ಅಲ್ಲಿಯೇ ಇದ್ದಳು. 1505ರಲ್ಲಿ ಅಲ್ಮೇಡನು ಅಲ್ಲಿ ಕೋಟೆಯನ್ನು ಕಟ್ಟಿಸಿದನು. ಮರುವರ್ಷವೇ ಅದನ್ನು ಕೆಡವಿ ಬಿಟ್ಟುಹೋದರೂ, ಪರಂಗಿಯವರ ಹಡಗುಗಳು ನೀರಿಗೂ ತಂಗುವುದಕ್ಕೂ ಅಲ್ಲಿಗೆ ಬರುವುದು ನಿಲ್ಲಲಿಲ್ಲ. ಹುಲ್ಲು ಹೊದಿಸಲು ಹೋಗುವ ದಾರಿಯೇ ಮುಚ್ಚಿತು. ಗುಡಿ ಬಿದ್ದ ದಿನವನ್ನಲ್ಲ, ಪೂಜೆ ತಪ್ಪಿದ ದಿನವನ್ನೇ ಪರಂಪರೆಯು ನೆನಪಿನಲ್ಲಿಟ್ಟುಕೊಂಡಿದೆಯೆಂದು ತಿಳಿದರೆ ಎರಡು ಸಾಕ್ಷ್ಯಗಳಿಗೂ ವಿರೋಧವಿಲ್ಲ.

ದೇವರು ಊರು ಬಿಡುವುದು ಈ ಕರಾವಳಿಗೆ ಅಪೂರ್ವವಾದ ಸಂಗತಿಯಲ್ಲ. ಗೋವೆಯ ಕುಠ್ಠಾಳಿಯಲ್ಲಿದ್ದ ಮಂಗೇಶನು 1560ರಲ್ಲಿ ಹೊಳೆಯನ್ನು ದಾಟಿ ಪ್ರಿಯೋಳಕ್ಕೆ ಬಂದನು. ಕೇಳೋಶಿಯ ಶಾಂತಾದುರ್ಗೆಯು ಕವಳೆಗೂ ವೆರ್ಣೆಯ ಮಹಾಲಸೆಯು ಮಾರ್ದೋಳಕ್ಕೂ ಬಂದರು. ಅವರ ಹಿಂದೆ ಹೊರಟ ಮನೆತನಗಳು ಕಾಳಿ, ಗಂಗಾವಳಿ, ಅಘನಾಶಿನಿಗಳನ್ನು ದಾಟಿ ಮಂಗಳೂರು ಕೊಚ್ಚಿಗಳವರೆಗೂ ಹಬ್ಬಿದುವು. ಅಂಕೋಲೆಗೆ ಬಂದ ದೇವಿಯು ಈ ದೊಡ್ಡ ಮೆರವಣಿಗೆಯಲ್ಲಿ ಒಬ್ಬಳು. ಆದರೆ ಒಂದು ವ್ಯತ್ಯಾಸವುಂಟು. ಕುಠ್ಠಾಳಿ ಕೇಳೋಶಿಗಳು ಇಂದಿಗೂ ಜನವಸತಿಯ ಊರುಗಳು. ಬೇಕಾದವನು ಹೋಗಿ, ಇಲ್ಲಿ ನಮ್ಮ ದೇವರಿದ್ದನೆಂದು ನಿಂತು ನೋಡಬಹುದು. ಅಂಜದೀಪಕ್ಕೆ ಆ ಭಾಗ್ಯವಿಲ್ಲ.

ಶಾಸ್ತ್ರವನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ತರುವರು. ಸ್ಥಳಾಂತರ ಮಾಡುವಾಗ ವಿಧಿಪೂರ್ವಕವಾಗಿ ಕಲಾಕರ್ಷಣೆ ಮಾಡಿ, ಬಿಂಬದ ಸಾನ್ನಿಧ್ಯವನ್ನು ಕುಂಭದಲ್ಲಿ ಆವಾಹಿಸಿ, ಹೊಸ ಸ್ಥಳದಲ್ಲಿ ಪುನಃಪ್ರತಿಷ್ಠೆ ಮಾಡಿದ ಮೇಲೆ ಹಳೆಯ ಸ್ಥಳದಲ್ಲಿ ಉಳಿಯುವುದು ಬರಿಯ ಕಲ್ಲು ಮಣ್ಣು. ಅದರ ದರ್ಶನಕ್ಕೆ ಹಂಬಲಿಸುವುದು ಭಾವುಕತೆಯೇ ಹೊರತು ಧರ್ಮವಲ್ಲ ಎಂಬುದು ಅವರ ಪಕ್ಷ. ಯುಕ್ತಿಯು ಬಲವಾದುದೇ. ಆದರೆ ಈ ವಾದವು ಬಿಂಬಕ್ಕೆ ಸಲ್ಲುವಷ್ಟು ಕ್ಷೇತ್ರಕ್ಕೆ ಸಲ್ಲುವುದಿಲ್ಲ. ಬಿಂಬವನ್ನು ಪ್ರತಿಷ್ಠಾಪಿಸುವವನು ಆಚಾರ್ಯನು. ಕ್ಷೇತ್ರವನ್ನು ಆರಿಸಿಕೊಂಡವಳು ದೇವಿಯೆಂದು ಜನರ ನಂಬಿಕೆ. ತೀರ್ಥಕ್ಕೆ ಉದ್ವಾಸನೆಯ ವಿಧಿಯಿಲ್ಲ. ನೆತ್ತಿಯ ಮೇಲಿನ ನಾಲ್ಕು ಮಾರಿನ ಕೊಳವನ್ನು ಯಾವ ಕುಂಭದಲ್ಲಿ ಹೊತ್ತು ತರುವುದು? ಅಲ್ಲದೆ, ಓಡಿಬರುವ ಗಡಿಬಿಡಿಯಲ್ಲಿ ವಿಧಿಗಳೆಲ್ಲ ಸಾಂಗವಾಗಿ ನಡೆದುವೆಂದು ಯಾರು ಹೇಳಬಲ್ಲರು? ರಾತ್ರಿಯ ದೋಣಿಯಲ್ಲಿ ದೇವರನ್ನು ಮಡಿಲಲ್ಲಿ ಮುಚ್ಚಿಕೊಂಡು ಬಂದವರಿಗೆ ಪದ್ಧತಿಯ ಗ್ರಂಥವನ್ನು ಬಿಚ್ಚಿ ನೋಡಲು ಬೆಳಕೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ದೇವಿಯು ಹೋದ ಮೇಲೆ ದ್ವೀಪಕ್ಕೆ ಸುಖವಿದ್ದಂತೆ ಕಾಣುವುದಿಲ್ಲ. ಮುಂಬಯಿಯು ಪೋರ್ತುಗಲ್ಲಿನ ರಾಜಕುಮಾರಿಯ ವರದಕ್ಷಿಣೆಯಾಗಿ ಇಂಗ್ಲೆಂಡಿನ ದೊರೆಗೆ ಸಂದಾಗ, ಅದನ್ನು ವಶಪಡಿಸಿಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಎಂಬವನು ಸುಮಾರು ನಾಲ್ಕುನೂರು ಸೈನಿಕರೊಂದಿಗೆ ಬಂದನು. ಮುಂಬಯಿಯ ಪರಂಗಿ ಅಧಿಕಾರಿಗಳು ನೆವ ಹೇಳಿ ಅದನ್ನು ಒಪ್ಪಿಸದೆ ಹೋದುದರಿಂದ ಅವನು ತನ್ನ ದಂಡಿನೊಡನೆ ಅಂಜದೀಪದಲ್ಲಿ ಕಾದುಕೊಂಡಿರಬೇಕಾಯಿತು. ಎರಡು ವರ್ಷಗಳ ಮೇಲ್ಪಟ್ಟು ಕಾದರು. 1664ರಲ್ಲಿ ಶಿಪ್‌ಮನ್ನನೇ ಸತ್ತನು. ದಂಡಿನಲ್ಲಿ ಬಹುಭಾಗವು ರೋಗಕ್ಕೆ ತುತ್ತಾಯಿತು. 1665ರಲ್ಲಿ ಹಂಫ್ರಿ ಕುಕ್ ಎಂಬವನು ಉಳಿದ ನೂರರ ಆಸುಪಾಸಿನ ಮಂದಿಯನ್ನು ಕಟ್ಟಿಕೊಂಡು ಹೋಗಿ ಮುಂಬಯಿಯನ್ನು ವಹಿಸಿಕೊಂಡನು. ಇಂದು ಅದೇ ಮುಂಬಯಿಯಿಂದ ಅಂಕೋಲೆಗೆ ಬರುವ ಭಕ್ತರು, ತಮ್ಮ ನಗರಕ್ಕಾಗಿ ತಮ್ಮ ಕುಲದೇವಿಯ ದ್ವೀಪದಲ್ಲಿ ಸತ್ತ ಈ ಪರದೇಶಿಗಳನ್ನು ನೆನೆಯುವ ಪ್ರಸಂಗವೇ ಇಲ್ಲ.

ಪೋರ್ತುಗೀಜರು 1682ರಲ್ಲಿ ಮರಳಿ ಬಂದು ಕೋಟೆಯನ್ನು ಕಟ್ಟಿದರು. ಈ ಸಲ 1961ರವರೆಗೆ ಬಿಡಲಿಲ್ಲ. ಅವರು ಕಟ್ಟಿಸಿದ, ಊಟೆಗಳ ಮಾತೆಯೆಂಬ ಅರ್ಥದ ಬ್ರೋತಾಸ್ ಮಾತೆಯ ಇಗರ್ಜಿಯು ಆ ದ್ವೀಪದ ಸಿಹಿನೀರಿಗೆ ಸಂದ ಗೌರವ. ದೇವಿಯಿದ್ದಾಗಲೂ ಮಾತೆಯು ಬಂದಾಗಲೂ ಅಲ್ಲಿಯ ನೀರನ್ನು ಎಲ್ಲರೂ ಕೊಂಡಾಡಿದರು. ಕಾಣಕೋಣ ಕಾರವಾರಗಳ ಕ್ರೈಸ್ತರು ವರ್ಷಕ್ಕೊಮ್ಮೆ ಹಬ್ಬಕ್ಕೆ ದೋಣಿಗಳಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಅದೂ ಈಗ ನಿಂತಿದೆ. ಮೂಲಸ್ಥಾನವನ್ನು ಕಳೆದುಕೊಂಡವರು ಒಂದೇ ಮತದವರೆಂದು ತಿಳಿಯುವುದು ನ್ಯಾಯವಲ್ಲ.

1961ರ ನವೆಂಬರಿನಲ್ಲಿ ಆ ದ್ವೀಪದಿಂದ ಹಡಗು ದೋಣಿಗಳ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು 'ತ್ರಿಶೂಲ' 'ಮೈಸೂರು' ಎಂಬ ಯುದ್ಧನೌಕೆಗಳಿಂದ ಭಾರತದ ನಾವಿಕರು ಅಲ್ಲಿ ಇಳಿದರು. ಏಳು ಮಂದಿ ಪ್ರಾಣವನ್ನು ಕೊಟ್ಟರು. ಅವರ ಸ್ಮಾರಕವು ದ್ವೀಪದ ಮೇಲೆಯೇ ಇದೆ. ಆದುದರಿಂದ ಆ ನೆಲದ ಮೇಲೆ ನೌಕಾದಳದವರಿಗೂ ಒಂದು ಬಗೆಯ ಭಕ್ತಿಯಿರುವುದು ಸಹಜವೆಂಬುದನ್ನು ಭಕ್ತರು ಮರೆಯಬಾರದು. 1986ರ ಅಕ್ಟೋಬರಿನಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆಯಾಯಿತು. 2005ರ ಮೇ 31ರಂದು ಕದಂಬ ನೌಕಾನೆಲೆಯು ಸೇವೆಗೆ ಸೇರಿತು. ಅರ್ಗಾ, ಬಿಣಗಾ, ಚೆಂಡಿಯಾ ಮುಂತಾದ ಗ್ರಾಮಗಳ ಸಾವಿರಾರು ಕುಟುಂಬಗಳು, ಮೀನುಗಾರರೂ ಒಕ್ಕಲುಗಳೂ, ಮನೆ ಹಿತ್ತಲುಗಳನ್ನು ಬಿಟ್ಟು ಹೊರಟುವು. ನಾನೂರು ವರ್ಷಗಳ ಹಿಂದಿನ ಕಥೆಯನ್ನು ಪುರಾಣದಂತೆ ಕೇಳುತ್ತಿದ್ದವರ ಬಾಗಿಲಿಗೇ ಆ ಕಥೆಯು ಇನ್ನೊಂದು ವೇಷದಲ್ಲಿ ಬಂದು ನಿಂತಿತು. ತುಳಸಿಯ ಗಿಡವನ್ನು ಕಿತ್ತು ಒಯ್ಯಬಹುದು, ಕಟ್ಟೆಯನ್ನು ಒಯ್ಯಲಾಗದು. ಪರಿಹಾರದ ವ್ಯಾಜ್ಯಗಳು ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದುವು.

ಒಂದು ವಿಚಿತ್ರವನ್ನು ಮಾತ್ರ ಹೇಳಬೇಕು. ಬಂದರಿಗಾಗಿ ಕಡಲಲ್ಲಿ ಕಲ್ಲು ತುಂಬಿ ಕಟ್ಟಿದ ಅಲೆತಡೆಯು ಅಂಜದೀಪವನ್ನು ನೆಲಕ್ಕೆ ಜೋಡಿಸಿಬಿಟ್ಟಿದೆ. ದೋಣಿಯಿಲ್ಲದೆ ಹೋಗಲಾರದ ಕಾಲದಲ್ಲಿ ಭಕ್ತರು ಹೋಗಿಬರುತ್ತಿದ್ದರು. ಕಾಲು ನೆನೆಯದೆ ಹೋಗಬಹುದಾದ ಈ ಕಾಲದಲ್ಲಿ ಹೋಗುವಂತಿಲ್ಲ.

ಈಚೆಗೆ ಮುಂಬಯಿಯಿಂದ ಬಂದ ಒಂದು ಕುಟುಂಬದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬಳಿದ್ದಳು. ಆಕೆ ಎರಡು ಉಡಿಗಳನ್ನು ಕಟ್ಟಿಕೊಂಡು ಬಂದಿದ್ದಳು. ಎರಡರಲ್ಲಿಯೂ ಅಕ್ಕಿ, ತೆಂಗಿನಕಾಯಿ, ಅರಿಸಿನದ ಕೊಂಬು, ಹಸಿರು ಕಣ. ಒಂದನ್ನು ದೇವಿಗೆ ಒಪ್ಪಿಸಿದ ಮೇಲೆ ಅರ್ಚಕರು ಇನ್ನೊಂದಕ್ಕೆ ಕೈನೀಡಿದಾಗ, ಇದು ಇಲ್ಲಿಗಲ್ಲ, ದೇವಿಯ ತವರಿಗೆ, ಎಂದಳು. ಮದುವೆಯಾಗಿ ಹದಿನಾರನೆಯ ವರ್ಷಕ್ಕೆ ಊರು ಬಿಟ್ಟವಳು. ಆಕೆಯ ತವರುಮನೆಯೂ ಮಾರಿಹೋಗಿ ಬಹಳ ಕಾಲವಾಗಿದ್ದಿತು. ತವರಿನಲ್ಲಿ ಯಾರೂ ಇಲ್ಲದಿದ್ದರೇನು, ಬಾಗಿಲಿಗಾದರೂ ಹೋಗಿ ಅರಿಸಿನ ಕುಂಕುಮ ಹಚ್ಚಿ ಬರಬಾರದೆ, ಎಂಬುದು ಆಕೆಯ ಪ್ರಶ್ನೆ. ಮೊಮ್ಮಗನು ರಕ್ಷಣೆಯ ವಿಷಯವನ್ನೂ ಅಪ್ಪಣೆಯ ವಿಷಯವನ್ನೂ ವಿವರಿಸಿ ಹೇಳಿದನು. ಆಕೆ ಎಲ್ಲವನ್ನೂ ಕೇಳಿ, ಹಡಗಿನವರು ಹುಡುಗರೇ ಅಲ್ಲವೆ, ಅವರಿಗೂ ಅಜ್ಜಿಯಂದಿರಿರುವರು, ಎಂದಳು. ಅರ್ಚಕರು ದ್ವೀಪವಿರುವ ವಾಯವ್ಯ ದಿಕ್ಕನ್ನು ತೋರಿಸಿ ಅಲ್ಲಿಗೆ ತಿರುಗಿ ನಮಸ್ಕಾರ ಮಾಡಬಹುದೆಂದರು. ಆಕೆ ಹಾಗೆಯೇ ಮಾಡಿದಳು. ಎರಡನೆಯ ಉಡಿಯನ್ನು ಮಾತ್ರ ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಗಾಡಿಯನ್ನು ಹತ್ತಿದಳು. ಬಿಣಗೆಯ ತಿರುವಿನಲ್ಲಿ ಗಾಡಿಯನ್ನು ನಿಲ್ಲಿಸಿ ದ್ವೀಪವನ್ನು ತೋರಿಸಿದರಂತೆ. ಕಣ್ಣಿಗೆ ಪೊರೆ ಬಂದಿದ್ದುದರಿಂದ ನೀರಿಗೂ ನೆಲಕ್ಕೂ ಭೇದ ತಿಳಿಯಲಿಲ್ಲವೆಂದು ಮೊಮ್ಮಗನು ತರುವಾಯ ಅರ್ಚಕರಿಗೆ ತಿಳಿಸಿದನು.

ಇಂತಹ ಪೇಚು ಕಾರವಾರಕ್ಕೆ ಮಾತ್ರ ಒದಗಿದುದಲ್ಲ. ಶಾಂತಮಹಾಸಾಗರದ ನಡುವೆ ಹವಾಯಿ ಎಂಬ ದ್ವೀಪಸಮೂಹವಿದೆ. ಅಲ್ಲಿಯ ಮೂಲನಿವಾಸಿಗಳು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಹೊಂದಿಸಿ ಕಟ್ಟುತ್ತಿದ್ದ ದೇವಸ್ಥಾನಗಳಿಗೆ ಹೇಯಾವು ಎಂದು ಹೆಸರು. ಕಾಮೆಹಾಮೆಹಾ ಎಂಬ ಅರಸನು 1790-91ರಲ್ಲಿ ಪುಉಕೊಹೊಲಾ ಎಂಬಲ್ಲಿ ಕಟ್ಟಿಸಿದ ಹೇಯಾವಿಗೆ ಬಹುದೂರದ ಕಣಿವೆಯಿಂದ ಜನರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲುಗಳನ್ನು ದಾಟಿಸಿದರೆಂದು ಅವರ ಪರಂಪರೆ. 1819ರಲ್ಲಿ ಅವನ ಮಗನೇ ಹಳೆಯ ವಿಧಿನಿಷೇಧಗಳನ್ನು ರದ್ದುಮಾಡಿ ದೇವಸ್ಥಾನಗಳನ್ನು ಕೆಡಹಿಸಿದನು. ಇಂದು ಪುಉಕೊಹೊಲಾವನ್ನು ಸರಕಾರವು ಐತಿಹಾಸಿಕ ಸ್ಥಳವೆಂದು ಕಾಯುತ್ತಿದೆ. ನೋಡಬಂದವರು ಜಗತಿಯ ಮೇಲೆ ಹತ್ತದೆ ಹೊರಗಿನಿಂದಲೇ ನೋಡಿ ಹೋಗುವರು. ಅದಕ್ಕಿಂತಲೂ ಅಂಜದೀಪಕ್ಕೆ ಹತ್ತಿರವಾದುದು ಅಲ್ಲಿಯ ಕಹೊಒಲಾವೆ ಎಂಬ ಚಿಕ್ಕ ದ್ವೀಪದ ಕಥೆ. ಸಮುದ್ರದೇವತೆಯಾದ ಕನಲೋವನಿಗೆ ಸೇರಿದುದೆಂದು ಜನರು ನಂಬಿದ್ದ ಆ ದ್ವೀಪವನ್ನು 1941ರಿಂದ ಅಮೆರಿಕದ ಸೇನೆಯು ಗುಂಡು ಬಾಂಬುಗಳ ಅಭ್ಯಾಸಕ್ಕೆ ಇಟ್ಟುಕೊಂಡಿತು. 1976ರಲ್ಲಿ ಕೆಲವರು ಅಪ್ಪಣೆಯಿಲ್ಲದೆ ಅಲ್ಲಿಗೆ ಹೋಗಿ ಇಳಿದರು. ಮರುವರ್ಷ ಜಾರ್ಜ್ ಹೆಲ್ಮ್, ಕಿಮೊ ಮಿಚೆಲ್ ಎಂಬ ಇಬ್ಬರು ಆ ಕಡಲಲ್ಲಿ ಕಾಣೆಯಾದರು. ವ್ಯಾಜ್ಯವು ನಡೆದು 1980ರಲ್ಲಿ ಒಂದು ಒಪ್ಪಂದವಾಯಿತು. ದ್ವೀಪವು ನೌಕಾದಳದ ಕೈಯಲ್ಲಿರುವಾಗಲೇ ಗೊತ್ತಾದ ದಿನಗಳಲ್ಲಿ ಜನರು ಹೋಗಿಬರಲು ಅವಕಾಶ ದೊರೆಯಿತು. 1981ರಲ್ಲಿ ದ್ವೀಪದ ಪ್ರಾಚೀನ ಅವಶೇಷಗಳು ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದುವು. 1982ರಲ್ಲಿ ಮಕಾಹಿಕಿಯೆಂಬ ಸುಗ್ಗಿಯ ಹಬ್ಬವು ಅಲ್ಲಿ ಮರಳಿ ನಡೆಯಿತು. ಬಾಂಬು ನಿಂತುದು 1990ರಲ್ಲಿ. ದ್ವೀಪವು ಹವಾಯಿಗೆ ಹಿಂದಿರುಗಿದುದು 1994ರಲ್ಲಿ.

ಎರಡು ಕಥೆಗಳು ಒಂದೇ ಅಲ್ಲ. ಅಂಜದೀಪದ ಮೇಲೆ ಭಾರತದ ನೌಕಾದಳವು ಬಾಂಬು ಹಾಕಿಲ್ಲ. ಪರದೇಶಿಯ ಕೈಯಿಂದ ಅದನ್ನು ಬಿಡಿಸಿದವರು ಅವರು. ದ್ವೀಪವನ್ನು ಹಿಂದಕ್ಕೆ ಕೊಡಬೇಕೆಂದು ವಿವೇಕವುಳ್ಳವರಾರೂ ಕೇಳುತ್ತಿಲ್ಲ. ಆದರೆ ಕಾವಲನ್ನು ಬಿಡದೆಯೇ ವರ್ಷದಲ್ಲಿ ಒಂದೆರಡು ದಿನ ಬಾಗಿಲು ತೆರೆಯುವುದು ಸಾಧ್ಯವೆಂಬುದಕ್ಕೆ ಕಹೊಒಲಾವೆಯ ಮೊದಲ ಹತ್ತು ವರ್ಷಗಳು ದೃಷ್ಟಾಂತವಾಗಿವೆ.

ವರ್ಷಕ್ಕೊಂದು ದಿನವೆಂಬುದು ಕಾರವಾರದವರಿಗೆ ಹೊಸತೂ ಅಲ್ಲ. ಕಾಳಿಯ ಮುಖದಾಚೆಗಿನ ಕೂರ್ಮಗಡದಲ್ಲಿ ನರಸಿಂಹನ ಗುಡಿಯಿದೆ. ಪುಷ್ಯದ ಹುಣ್ಣಿಮೆಯ ಜಾತ್ರೆಯಂದು ಕೋಡಿಬಾಗದಿಂದ ಸಿಂಗರಿಸಿದ ದೋಣಿಗಳು ಸಾಲುಗಟ್ಟಿ ಹೋಗುವುವು. ಹರಕೆಯ ಬಾಳೆಗೊನೆಗಳನ್ನು ಹೊತ್ತು ಜನರು ಗುಡ್ಡವನ್ನು ಹತ್ತುವರು. 2019ರ ಜನವರಿ 21ರಂದು ಆ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಅಷ್ಟು ದೊಡ್ಡ ದುಃಖದ ತರುವಾಯವೂ ಜಾತ್ರೆಯು ನಿಲ್ಲಲಿಲ್ಲ. ಅಂಜದೀಪಕ್ಕಾದರೋ ದೋಣಿಯ ಅಪಾಯವೂ ಇಲ್ಲ.

ಇದು ಜಿಲ್ಲೆಯ ದೇವಸ್ಥಾನಗಳ ಮೊಕ್ತೇಸರರೂ ಇಗರ್ಜಿಯ ಹಿರಿಯರೂ ಒಟ್ಟಿಗೆ ಕುಳಿತು, ಒಂದೇ ಮನವಿಯನ್ನು ಬರೆದು, ನೌಕಾದಳದ ಅಧಿಕಾರಿಗಳಿಗೆ ಒಪ್ಪಿಸತಕ್ಕ ವಿಷಯ. ಬೇರೆ ಬೇರೆಯಾಗಿ ಬರೆದರೆ ಎರಡಕ್ಕೂ ಒಂದೇ ಉತ್ತರ ಬಂದೀತು. ಹೆಸರು ಮೊದಲೇ ಕೊಟ್ಟ, ಗುರುತಿನ ಚೀಟಿಯುಳ್ಳ, ಎಣಿಸಿದ ಜನ, ಅವರದೇ ವಾಹನ, ಅವರದೇ ಕಾವಲು, ಛಾಯಾಚಿತ್ರ ತೆಗೆಯುವಂತಿಲ್ಲ, ಮಧ್ಯಾಹ್ನದೊಳಗೆ ಹಿಂದಿರುಗತಕ್ಕದ್ದು. ಏಳು ನಾವಿಕರ ಸ್ಮಾರಕಕ್ಕೆ ಮೊದಲು ಹೂವಿಟ್ಟು ಆಮೇಲೆ ಮುಂದೆ ಹೋಗುವುದೆಂದು ಭಕ್ತರೇ ನಿಯಮ ಮಾಡಿಕೊಂಡರೆ ಶೋಭಿಸುವುದು. ಜೊತೆಯಲ್ಲಿ ಪ್ರಾಚ್ಯವಸ್ತುಗಳನ್ನು ಬಲ್ಲ ಒಬ್ಬಿಬ್ಬರು ಹೋಗಿ, ಕೆತ್ತಿದ ಕಲ್ಲುಗಳನ್ನೂ ಎರಡು ಕೊಳಗಳನ್ನೂ ಅಳೆದು, ದಾಖಲೆ ಮಾಡಿ ಬರಲಿ. ವೆಲ್ಯೊ ಬರೆದ ಮೇಲೆ ಐದು ಶತಮಾನಗಳು ಕಳೆದಿವೆ. ಆಷಾಢದಿಂದ ಭಾದ್ರಪದದವರೆಗೆ ಮಳೆಗಾಲ. ಆಗ ವೃದ್ಧರಿಗೆ ಅಲೆತಡೆಯ ಮೇಲೆ ನಡೆಯುವುದು ಕಷ್ಟ. ಕ್ರೈಸ್ತರಿಗೆ ಫೆಬ್ರವರಿಯು ಅನುಕೂಲವಾದೀತು. ದೇವಿಯ ಭಕ್ತರಿಗೆ ನವರಾತ್ರಿಯ ಒಂದು ದಿನ ಸಾಕು, ಅಷ್ಟಮಿಯಾದರೆ ಒಳ್ಳೆಯದು.